ಎದುರಂಗಡಿಯ ಕಿವಿ

ಕಳೆದ ತಿಂಗಳು ಸುಂಟಿಕೊಪ್ಪದಲ್ಲಿ ಒಬ್ಬ ಸೈಕಲ್ ರಿಪೇರಿಯವನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟರು. ಮೇಷ್ಟರಿಗೆ, ಪೋಸ್ಟ್ ಮಾಸ್ಟರಿಗೆ ಹೀಗೆಲ್ಲ ಮಾಡುವುದನ್ನು ಕಂಡಿದ್ದೆ. ಪಂಕ್ಚರ್ ಹಾಕುವವನಿಗೆ ಮಾಡಿದ್ದನ್ನು ಕಂಡದ್ದು ಅದೇ ಮೊದಲು. ನಾನೂ ಪಂಕ್ಚರ್ ಹಾಕುವವನೇ. ರಸ್ತೆಯ ಈಚೆ ಬದಿಗೆ ನನ್ನ ಅಂಗಡಿ, ಆಚೆ ಬದಿಗೆ ಅವನದು. ಅದಕ್ಕೇ "ನಿಮ್ಮ ಕಸುಬಿನವರ ಪರವಾಗಿ ನೀವೂ ನಾಲ್ಕು ಮಾತಾಡಿ" ಎಂದು ನನ್ನ ಕೈಗೆ ಮೈಕು ತುರುಕಿದರು. "ಒಳ್ಳೆ ಕೆಲಸಗಾರರು, ಎಲ್ಲರಿಗೂ ಬೇಕಾದವರು" ಅಂದು ಕೂತುಬಿಟ್ಟೆ. ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಹೊಟ್ಟೆಕಿಚ್ಚಿಗೂ ಗಂಟಲು ಕಟ್ಟುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಅಲ್ಲಿ ಆಡದೆ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನಷ್ಟು ದೊಡ್ಡವನಾಗುತ್ತಾನೆ.

ಹೆಸರಿನ ಅಗತ್ಯವೂ ಇರಲಿಲ್ಲ ಅನ್ನಿ. ಊರಿಗೆಲ್ಲ ಅವನು 'ಅಣ್ಣ'. ಶಾಲೆಯ ಮಕ್ಕಳಿಗೂ ಅಣ್ಣ, ಆ ಮಕ್ಕಳ ಅಜ್ಜಂದಿರಿಗೂ ಅಣ್ಣ. ನಾನು 'ಬಸ್ ನಿಲ್ಲೋ ಕಡೆ ಸೈಕಲ್ ಶಾಪಿನವನು'. ಅವನ ಅಂಗಡಿಯೂ ಬಸ್ ನಿಲ್ಲುವ ಕಡೆಯೇ ಇತ್ತು ಎಂಬುದನ್ನು ಯಾರೂ ಗಮನಿಸುತ್ತಿರಲಿಲ್ಲ.

ಮೊದಲು ಅವನ ಶರ್ಟಿನ ಬಗ್ಗೆ ಹೇಳಬೇಕು. ತುಂಬುತೋಳಿನ ಬಿಳಿ ಶರ್ಟು. ಚೈನಿನ ಗ್ರೀಸು, ಟ್ಯೂಬಿನ ಸೊಲ್ಯೂಷನ್ನು, ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಯ ಕೆಂಪು ಕೆಸರು, ಇವೆಲ್ಲದರ ನಡುವೆ ಕೂತು ಸಂಜೆ ಅವನು ಎದ್ದಾಗಲೂ ಆ ಶರ್ಟು ಬೆಳಗ್ಗೆ ಇದ್ದ ಹಾಗೇ ಇರುತ್ತಿತ್ತು. ನನ್ನ ಹೆಂಡತಿ ನನ್ನ ಬಟ್ಟೆ ನೆನೆಸುವಾಗಲೆಲ್ಲ ತಲೆಯೆತ್ತಿ "ಎದುರುಗಡೆಯವ್ರೂ ಇದೇ ಕೆಲ್ಸ ತಾನೇ ಮಾಡೋದು?" ಅನ್ನುತ್ತಿದ್ದಳು. ಅವನು ಕೆಲಸವನ್ನೇ ಮಾಡುವುದಿಲ್ಲ, ಮಾತಾಡಿಕೊಂಡು ಕೂರುತ್ತಾನೆ ಎಂದು ನಾನು ಹೇಳುತ್ತಿದ್ದೆ. ಅದೂ ಪೂರ್ತಿ ಸುಳ್ಳಲ್ಲ. ಅವನಷ್ಟು ನಿಧಾನದ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಬ್ರೇಕ್ ಕಟ್ಟಿದರೆ ಲಿವರ್ ಒತ್ತಿ, ಬಿಟ್ಟು, ಮತ್ತೆ ಒತ್ತಿ, ತಲೆ ವಾಲಿಸಿ, ತಂಬೂರಿ ಶ್ರುತಿ ಮಾಡುವವನ ಹಾಗೆ ಕೂತಿರುತ್ತಿದ್ದ. ಅಷ್ಟರಲ್ಲಿ ನಾನು ಎರಡು ಸೈಕಲ್ ಮುಗಿಸಿ ಕಳಿಸುತ್ತಿದ್ದೆ. ನಾನು ಕಳಿಸಿದ ಸೈಕಲ್ಲುಗಳು ಕೆಲವೊಮ್ಮೆ ಮಾರನೆಯ ದಿನ ರಸ್ತೆಯ ಆಚೆ ಬದಿಯಲ್ಲಿ ನಿಂತಿರುತ್ತಿದ್ದವು, ಆ ಮಾತು ಬೇರೆ.

ಆಮೇಲೆ ಅವನ ಬೆಂಚು. ಗುಜರಿಗೆ ಹೋದ ಯಾವುದೋ ಬಸ್ಸಿನ ಸೀಟು ತಂದು ಅಂಗಡಿಯ ಮುಂದೆ ಹಾಕಿದ್ದ. ಎಸ್ಟೇಟಿನಲ್ಲಿ ಲೆಕ್ಕ ಬರೆದು ರಿಟೈರಾದ ರೈಟರ್ ಒಬ್ಬರು ಅಲ್ಲೇ ಪೇಪರು ಓದುತ್ತಿದ್ದರು. ಕಾಫಿ ಪಿಕ್ಕಿಂಗ್ ಮುಗಿಸಿ ಸಂತೆಗೆ ಬಂದ ಎಸ್ಟೇಟ್ ಲೈನ್‌ಮನೆಗಳ ಹೆಂಗಸರು ಬಸ್ಸು ಬರುವವರೆಗೆ ಚೀಲ ಇಟ್ಟುಕೊಂಡು ಅಲ್ಲೇ ಕೂರುತ್ತಿದ್ದರು. ಅವನು ಅವರ ಹತ್ತಿರ ತಮಿಳಿನಲ್ಲಿ, ಬಸ್ಸಿನ ಕ್ಲೀನರ್ ಹತ್ತಿರ ಮಲಯಾಳದಲ್ಲಿ, ಕೊಡವರ ಹತ್ತಿರ ಕೊಡವ ತಕ್ಕಿನಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದ. ಯಾವುದು ಅವನ ಮನೆಮಾತು ಎಂದು ಕೇಳಿದರೆ "ಹಸಿವಾದಾಗ ಯಾವ್ದು ಬರುತ್ತೋ ಅದು" ಅಂದು ನಕ್ಕುಬಿಡುತ್ತಿದ್ದ. ನನಗೆ ಬರುವುದು ಕನ್ನಡ ಒಂದೇ. ಅಪ್ಪ ಹಾಸನದ ಕಡೆಯಿಂದ ಹಾರಂಗಿ ಡ್ಯಾಮಿನ ಕೆಳಗೆ ಗದ್ದೆ ಮಾಡಲು ಬರುವಾಗ ತಂದದ್ದು. ಅದೂ ಜಗಳಕ್ಕೆ ಮಾತ್ರ ಲಾಯಕ್ಕು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ಗಿರಾಕಿಗಳು ಅವನ ಹತ್ತಿರ ಹೋಗುವುದನ್ನು ಹೇಗೋ ಸಹಿಸಬಹುದಿತ್ತು. ಸೈಕಲ್ಲನ್ನು ನನ್ನ ಹತ್ತಿರ ಬಿಟ್ಟು, ಅದು ರೆಡಿಯಾಗುವವರೆಗೆ ರಸ್ತೆ ದಾಟಿ ಅವನ ಬೆಂಚಿನ ಮೇಲೆ ಹೋಗಿ ಕೂರುವವರಿದ್ದರಲ್ಲ, ಅವರನ್ನು ಏನು ಮಾಡಬೇಕು? ನನ್ನ ಹತ್ತಿರವೂ ಸ್ಟೂಲಿತ್ತು. ಹೊಸದು, ಪ್ಲಾಸ್ಟಿಕ್ಕಿನದು. ಅದರ ಮೇಲೆ ಬೆಕ್ಕು ಮಲಗುತ್ತಿತ್ತು.

ಇಷ್ಟು ವರ್ಷ ನನಗೆ ಅವನಿಂದ ಬೇಕಾಗಿದ್ದದ್ದು ಒಂದೇ ಒಂದು. ಅವನು ಹಾಳಾಗಲಿ, ಅಂಗಡಿ ಮುಚ್ಚಲಿ ಎಂದೆಲ್ಲ ನಾನು ಬಯಸಿದವನಲ್ಲ. ಒಂದೇ ಒಂದು ಸಲ ಅವನು ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ನಾನು ಪಟ್ಟಿದ್ದರಲ್ಲಿ ಕಾಲು ಭಾಗವಾದರೂ ಅವನೂ ಪಡಬೇಕು. ಅಷ್ಟಾದರೆ ಸಾಕಿತ್ತು.

ಅದಕ್ಕೊಂದು ದಾರಿ ಸಿಕ್ಕಿತು ಅನ್ನಿಸಿದ್ದು ಗೇರ್ ಸೈಕಲ್ಲುಗಳು ಬರಲು ಶುರುವಾದಾಗ. ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ಸವಾರರು ಹೆಚ್ಚಾದರು. ಹೆಲ್ಮೆಟ್ಟು, ಮೈಗಂಟಿದ ಬಟ್ಟೆ, ಬೆರಳಲ್ಲಿ ಎತ್ತಬಹುದಾದ ಹಗುರದ ಸೈಕಲ್ಲು. ಹತ್ತುವಾಗ ಗೇರು ಎಳೆದೂ ಎಳೆದೂ ಕೇಬಲ್ ತುಂಡಾದರೆ ಅವರು ನಿಲ್ಲುವುದು ನಮ್ಮ ಊರಲ್ಲೇ. ಆದರೆ ಈ ಸೈಕಲ್ಲುಗಳಲ್ಲಿ ಬ್ರೇಕಿನ, ಗೇರಿನ ಕೇಬಲ್ಲುಗಳು ಮೊದಲಿನ ಹಾಗೆ ಹೊರಗೆ ಕಾಣುವುದಿಲ್ಲ. ಹ್ಯಾಂಡಲ್ ಹತ್ತಿರ ಒಂದು ತೂತಿನಿಂದ ಫ್ರೇಮಿನ ಪೈಪಿನೊಳಗೆ ನುಗ್ಗಿ, ಒಳಗೊಳಗೇ ಸಾಗಿ, ಹಿಂದಿನ ಚಕ್ರದ ಹತ್ತಿರ ಇನ್ನೊಂದು ತೂತಿನಿಂದ ಹೊರಗೆ ಬರುತ್ತವೆ. ಹಳೆಯ ಕೇಬಲ್ಲನ್ನು ಎಳೆದು ತೆಗೆಯುವುದು ಯಾರಿಗಾದರೂ ಬರುತ್ತದೆ. ಹೊಸದನ್ನು ತೂರಿಸಿದರೆ ಅದು ಪೈಪಿನೊಳಗೆ ಎಲ್ಲೋ ಸುತ್ತಿಕೊಂಡು ಕೂತುಬಿಡುತ್ತದೆ. ಆಚೆಯ ತೂತು ಅದಕ್ಕೆ ಸಿಗುವುದೇ ಇಲ್ಲ.

ನಾನು ಮೈಸೂರಿಗೆ ಹೋಗಿ ಸ್ಟ್ಯಾಂಡು, ಹೊಸ ಕಟರ್ ಎಲ್ಲ ತಂದೆ. 'ಗೇರ್ ಸೈಕಲ್ ಸ್ಪೆಷಲಿಸ್ಟ್' ಎಂದು ಬಣ್ಣದ ಲೈಟಿನ ಬೋರ್ಡು ಹಾಕಿಸಿದೆ. ಅವನು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವ ಪೈಪಿನ ಒಂದು ಸುರುಳಿ ಮಾತ್ರ ತಂದ. ಹಳೆಯ ಕೇಬಲ್ ಎಳೆಯುವ ಮೊದಲು, ಆ ಸಣ್ಣ ಪೈಪನ್ನು ಅದರ ಮೇಲೇ ಜಾರಿಸಿ ಈ ತೂತಿನಿಂದ ಆ ತೂತಿನವರೆಗೆ ಕಳಿಸುತ್ತಿದ್ದ. ಆಮೇಲೆ ಕೇಬಲ್ ಎಳೆದರೆ ಪೈಪು ಒಳಗೇ ಉಳಿಯುತ್ತದೆ. ಹೊಸ ಕೇಬಲ್ ಅದರೊಳಗೆ ಸಲೀಸಾಗಿ ಹೋಗಿ ಆಚೆ ಮೂತಿ ತೋರಿಸುತ್ತದೆ. ಕೊನೆಗೆ ಪೈಪನ್ನು ಎಳೆದು ತೆಗೆದರಾಯಿತು. ಬೆಳಕಿಗೆಂದು ಬಾಗಿಲಲ್ಲೇ ಕೂತು ಮಾಡುತ್ತಿದ್ದರಿಂದ ಇಷ್ಟು ನನಗೆ ಈಚೆಯಿಂದಲೇ ಕಂಡಿತು. ಕಂಡದ್ದನ್ನು ಕಲಿತೆ. ಕಲಿತೆ ಎಂದು ಒಪ್ಪಿಕೊಳ್ಳಲು ಈಗಲೂ ಮೈ ಉರಿಯುತ್ತದೆ.

ನನಗೆ ಬಾರದೇ ಇದ್ದದ್ದು ಇನ್ನೊಂದು. ಕೇಬಲ್ ಒಳಗೇ ತುಂಡಾಗಿ ದಾರಿಯೇ ಇಲ್ಲವಾದಾಗ ಅವನು ಒಂದು ಸೂಜಿಗೆ ದಾರ ಕಟ್ಟಿ ಮೇಲಿನ ತೂತಿನಿಂದ ಒಳಗೆ ಬಿಡುತ್ತಿದ್ದ. ಹಳೆಯ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ಟನ್ನು ಪೈಪಿನ ಹೊರಮೈ ಮೇಲೆ ಜಾರಿಸುತ್ತ ಒಳಗಿನ ಸೂಜಿಯನ್ನು ಎಳೆದುಕೊಂಡು ಹೋಗುತ್ತಿದ್ದ. ಸೂಜಿ ಮ್ಯಾಗ್ನೆಟ್ಟಿನ ಜೊತೆಗೇ ಬರುತ್ತಿದೆಯೋ ನಡುವೆ ಎಲ್ಲಾದರೂ ಬಿಟ್ಟಿತೋ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅವನು ಫ್ರೇಮಿಗೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿ, "ಸುಮ್ನಿರಿ ಎಲ್ರೂ, ಕೇಳಿಸ್ಕೊತಿದ್ದೀನಿ" ಅನ್ನುತ್ತಿದ್ದ. ಬೆಂಚೆಲ್ಲ ಗಪ್‌ಚಿಪ್. ರೈಟರು ಪೇಪರು ಮಡಿಸುವ ಸದ್ದೂ ಮಾಡುತ್ತಿರಲಿಲ್ಲ. ಒಮ್ಮೆ ಹಾರ್ನ್ ಒತ್ತಿದ ಬಸ್ ಡ್ರೈವರಿಗೆ ಹೆಂಗಸರೆಲ್ಲ ಸೇರಿ ಬೈದದ್ದನ್ನು ನಾನೇ ನೋಡಿದ್ದೇನೆ. ಕೊನೆಗೆ ಸೂಜಿ ಕೆಳಗಿನ ತೂತಿನಲ್ಲಿ ಇಣುಕಿದಾಗ ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ತೋರಿಸುತ್ತಿದ್ದ. ಎಷ್ಟು ಜಂಭ! ಬಿಳಿ ಶರ್ಟಿನ ಕಾಲರ್ ಸರಿಮಾಡಿಕೊಳ್ಳುವುದು ಬೇರೆ.

ಪಾಲಿಬೆಟ್ಟದ ಕಡೆಯ ಎಸ್ಟೇಟಿನ ಸಾಹುಕಾರರೊಬ್ಬರು ನಡುವಿನ ಊರುಗಳನ್ನೆಲ್ಲ ದಾಟಿ, ಜೀಪಿನಲ್ಲಿ ಸೈಕಲ್ ಹೇರಿಕೊಂಡು ಅವನ ಹತ್ತಿರ ಬರುತ್ತಿದ್ದರು. ದಾರಿಹೋಕರು ಕೆಲವರು ನನ್ನ ಅಂಗಡಿಯ ಮುಂದೆ ನಿಂತು "ಇಲ್ಲಿ ಇನ್ನೊಂದು ಸೈಕಲ್ ಶಾಪ್ ಇದೆಯಂತಲ್ಲ, ಅಣ್ಣ ಅಂತ?" ಎಂದು ನನ್ನನ್ನೇ ಕೇಳುತ್ತಿದ್ದರು. "ಗೊತ್ತಿಲ್ಲ" ಅನ್ನುತ್ತಿದ್ದೆ. ಅವರು ತಲೆ ತಿರುಗಿಸಿದರೆ ಕಾಣುವ ಅಂಗಡಿ! ಆದರೂ ನಾನಾಗಿ ಒಬ್ಬರಿಗೂ ಆ ಕಡೆ ಬೆರಳು ತೋರಿಸಿದವನಲ್ಲ.

ಅವನ ಗುಟ್ಟು ತಿಳಿಯಲು ಒಮ್ಮೆ ನನ್ನ ಭಾವಮೈದುನನಿಗೆ ಬ್ರೇಕಿನ ಕೇಬಲ್ ಒಳಗೇ ತುಂಡಾದ ಸೈಕಲ್ ಕೊಟ್ಟು ಕಳಿಸಿದೆ. ಪಕ್ಕದಲ್ಲೇ ಕೂತು ಎಲ್ಲ ನೋಡಿಕೊಂಡು ಬಾ ಎಂದು ಹೇಳಿದ್ದೆ. ಮಧ್ಯಾಹ್ನ ವಾಪಸ್ ಬಂದ. ಬ್ರೇಕು ಬೆಣ್ಣೆಯ ಹಾಗಾಗಿತ್ತು.

"ಸೂಜಿ ಹೆಂಗೆ ತಿರುಗಿಸ್ತಾನೆ? ಪೆಡಲ್ ಹತ್ರ ಬೆಂಡ್ ಬರುತ್ತಲ್ಲ, ಅಲ್ಲಿ ಏನ್ ಮಾಡ್ತಾನೆ?"

"ಅಯ್ಯೋ ಭಾವ, ಅದೇ ಟೈಮಲ್ಲಿ ಆನೆ ಕಥೆ ಹೇಳ್ತಿದ್ರು. ಎಂಥಾ ಕಥೆ ಅಂತೀರಾ! ಬಾಳೆಹಣ್ಣಿನ ಬೋಂಡ ಬೇರೆ ತರಿಸಿದ್ರು."

ಭಾವಮೈದುನನಿಗೆ ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ನಿಲ್ಲು ಎಂದು ನಾನು ಹೇಳಲಿಲ್ಲ.

ಇದನ್ನೆಲ್ಲ ಮೀರಿಸಿದ್ದು ನನ್ನ ಮಗಳ ಸೈಕಲ್ಲಿನ ಪ್ರಸಂಗ. ಅವಳಿಗೆ ಮೈಸೂರಿನ ನೆಂಟರಿಂದ ಒಂದು ಗೇರ್ ಸೈಕಲ್ ಬಂತು. ಗೆಳತಿಯರ ಜೊತೆ ಹಾರಂಗಿಯವರೆಗೆ ಹೋಗಬೇಕೆಂದು ಕುಣಿಯುತ್ತಿದ್ದಳು. ಹಿಂದಿನ ಬ್ರೇಕ್ ಬಿಗಿಯಾಗಿತ್ತು, ಕೇಬಲ್ ಬದಲಿಸೋಣ ಎಂದು ಬಿಚ್ಚಿದೆ. ಮಗಳು ನೋಡುತ್ತಿದ್ದಾಳೆಂಬ ಹುಮ್ಮಸ್ಸಿನಲ್ಲಿ, ಪೈಪು ಜಾರಿಸುವುದನ್ನೇ ಮರೆತು ಹಳೆಯದನ್ನು ಸರ್ರನೆ ಎಳೆದುಬಿಟ್ಟೆ. ಎಳೆದ ಕ್ಷಣವೇ ಗೊತ್ತಾಯಿತು. ಆಮೇಲೆ ಸೂಜಿ, ದಾರ, ಮ್ಯಾಗ್ನೆಟ್ಟು ಎಲ್ಲ ಆಯಿತು. ಫ್ರೇಮನ್ನು ತಲೆಕೆಳಗಾಗಿ ಹಿಡಿದು ಅಲುಗಿಸಿದ್ದೂ ಆಯಿತು. "ಪಾರ್ಟ್ ಬರ್ಬೇಕು" ಎಂದು ಮಗಳಿಗೆ ಸುಳ್ಳು ಹೇಳಿ ಸೈಕಲ್ಲನ್ನು ಗೋಡೆಗೆ ಒರಗಿಸಿದೆ. ಆ ವಾರ ನಾನು ಕುಶಾಲನಗರಕ್ಕೆ ಸಾಮಾನು ತರಲು ಹೋಗಿ ಬಂದಾಗ ಅವಳು ಅದೇ ಸೈಕಲ್ಲಿನಲ್ಲಿ ಇಳಿಜಾರಿನಲ್ಲಿ ಬರುತ್ತಿದ್ದಳು. ನಿಲ್ಲಿಸಿ ಬಗ್ಗಿ ನೋಡಿದೆ. ಹಿಂದಿನ ಬ್ರೇಕಿನ ಹತ್ತಿರ ಹೊಸ ಕೇಬಲ್ಲಿನ ತುದಿಗೆ ಒಂದು ಕೆಂಪು ಚುಕ್ಕೆ.

ಎಳೆ ಬಿಚ್ಚಿಕೊಳ್ಳದಿರಲಿ ಎಂದು ಕೇಬಲ್ಲಿನ ತುದಿಗೆ ಕೆಂಪು ನೈಲ್ ಪಾಲಿಶ್ ಹಚ್ಚುವವನು ಆ ರಸ್ತೆಯಲ್ಲಿ ಒಬ್ಬನೇ ಇದ್ದದ್ದು.

"ಯಾರು ತಗೊಂಡು ಹೋಗಿದ್ದು?" ಎಂದು ಹೆಂಡತಿಯನ್ನು ಕೇಳಿದೆ.

"ನಾನೇ. ಮಗು ಬ್ರೇಕಿಲ್ದೆ ಇಳಿಜಾರಲ್ಲಿ ಹೋಗ್ಬೇಕಿತ್ತಾ? ನಿಮ್ ಮರ್ಯಾದೆ ದೊಡ್ಡದಾ, ಅವಳ ಕೈಕಾಲು ದೊಡ್ಡದಾ?"

"ಏನಂದ ಅವನು?"

"ಕಾಫಿ ಕುಡೀತೀರಾ ಅಂದ್ರು."

"ನನ್ ಬಗ್ಗೆ ಏನಂದ ಅಂತ ಕೇಳಿದ್ದು."

"ನಿಮ್ ಬಗ್ಗೆ ಏನೂ ಅನ್ಲಿಲ್ಲಪ್ಪ."

ಏನಾದರೂ ಅಂದಿದ್ದರೆ ಎಷ್ಟೋ ವಾಸಿಯಾಗಿತ್ತು. ಆಡಿಕೊಂಡು ನಕ್ಕಿದ್ದರೆ ನಾನೂ ರಸ್ತೆ ದಾಟಿ ಹೋಗಿ ಜಗಳವಾಡಬಹುದಿತ್ತು. ಆಮೇಲೆಯೂ ಅವನು ಊರಲ್ಲಿ ಒಬ್ಬರ ಹತ್ತಿರವೂ ಆ ಮಾತೆತ್ತಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವಾಗ ಎಂದಿನಂತೆ ನನ್ನ ಕಡೆ ಕೈಯೆತ್ತುತ್ತಿದ್ದ. ನಾನು ಬೀಗದ ಕೈ ಹುಡುಕುವವನ ಹಾಗೆ ಜೇಬಿಗೆ ಕೈ ಹಾಕುತ್ತಿದ್ದೆ.

ಅಂಥವನು ಈ ಸಲ ಮಳೆ ನಿಂತ ಮೇಲೆ, ಒಂದು ಮಧ್ಯಾಹ್ನ, ಸೈಕಲ್ ತಳ್ಳಿಕೊಂಡು ರಸ್ತೆ ದಾಟಿ ನನ್ನ ಅಂಗಡಿಗೆ ಬಂದ. ಅದುವರೆಗೆ ಒಂದು ದಿನವೂ ಬಂದವನಲ್ಲ. ಪಾಲಿಬೆಟ್ಟದ ಸಾಹುಕಾರರ ಸೈಕಲ್ಲದು. ಮೇಲಿನ ತೂತಿನಿಂದ ದಾರ ನೇತಾಡುತ್ತಿತ್ತು. ಬೆಕ್ಕನ್ನು ಎಬ್ಬಿಸಿ ನನ್ನ ಸ್ಟೂಲಿನ ಮೇಲೆ ಕೂತ.

"ಸೂಜಿ ಒಳಗೆ ಎಲ್ಲೋ ಕೂತ್ಬಿಟ್ಟಿದೆ ಮಾರಾಯ. ಬೆಳಗ್ಗಿಂದ ಕಿವಿ ಇಟ್ಟೂ ಇಟ್ಟೂ ಸಾಕಾಯ್ತು."

"ಮ್ಯಾಗ್ನೆಟ್ ವೀಕಾಗಿರ್ಬೇಕು."

"ಮ್ಯಾಗ್ನೆಟ್ ಸರಿಯಾಗೇ ಇದೆ. ಕಿವಿ ಹೋಗಿದೆ. ಎಡಗಡೇದು ಪೂರ್ತಿ, ಬಲಗಡೇದು ಅರ್ಧ." ಹಲ್ಲು ನೋವಿನ ಸುದ್ದಿ ಹೇಳುವಷ್ಟು ಹಗುರವಾಗಿ ಹೇಳಿದ. "ನೀನೊಂದ್ಸಲ ಇಡು ನೋಡುವ."

ನನಗೆ ಆಗ ಏನನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಖುಷಿಯಾಯಿತು. ಹಬ್ಬದಷ್ಟು ಖುಷಿ. ಎದುರುಗಡೆ ಬೆಂಚಿನಲ್ಲಿದ್ದವರೆಲ್ಲ ಇತ್ತಲೇ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಮೊಣಕಾಲೂರಿ ಫ್ರೇಮಿಗೆ ಕಿವಿ ಒತ್ತಿದೆ. ಮೊದಲು ರಸ್ತೆಯ ಗದ್ದಲವೇ ಕೇಳಿಸಿತು, ಆಮೇಲೆ ನನ್ನದೇ ಎದೆಬಡಿತ. ಅವನು ಏನೋ ಹೇಳಲು ಬಾಯಿ ತೆರೆದ.

"ಸುಮ್ನಿರಿ" ಅಂದೆ. ಅವನಿಗೇ.

ಅವನು ಜೇಬಿನಿಂದ ಮ್ಯಾಗ್ನೆಟ್ ತೆಗೆದ. ಮ್ಯಾಗ್ನೆಟ್ಟನ್ನು ಇಂಚಿಂಚಾಗಿ ಜಾರಿಸತೊಡಗಿದ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಸಣ್ಣಗೆ ಕೆರೆಯುವ ಸದ್ದು, ಬೆಂಕಿಪೊಟ್ಟಣದೊಳಗೆ ಹುಳ ಓಡಾಡಿದ ಹಾಗೆ. ಬೆರಳೆತ್ತಿದೆ. ಅವನು ನನ್ನ ಬೆರಳನ್ನೇ ನೋಡುತ್ತ ಕೈ ಸರಿಸಿದ. ಪೆಡಲ್ಲಿನ ಹತ್ತಿರ ಸದ್ದು ನಿಂತಿತು, ಬೆರಳು ಮಡಿಸಿದೆ. ಮಗುವನ್ನು ಮಗ್ಗುಲಿಗೆ ಮಲಗಿಸುವಂತೆ ಅವನು ಸೈಕಲ್ಲನ್ನು ನಿಧಾನವಾಗಿ ವಾಲಿಸಿದ. ಬೆಂಡಿನಲ್ಲಿ ಮಾಡಬೇಕಾದದ್ದು ಅಷ್ಟೇ. ನನ್ನ ಭಾವಮೈದುನ ಬೋಂಡ ತಿನ್ನುತ್ತ ನೋಡದೆ ಬಿಟ್ಟದ್ದು ಇದನ್ನೇ. ಮತ್ತೆ ಕೆರೆಯುವ ಸದ್ದು ಬಂತು, ಮತ್ತೆ ಬೆರಳೆತ್ತಿದೆ. ಹಿಂದಿನ ತೂತಿನಲ್ಲಿ ಸೂಜಿ ಇಣುಕಿತು.

ಅದನ್ನು ಎತ್ತಿ ತೋರಿಸಲು ಅವನು ಹೋಗಲಿಲ್ಲ, ನಾನೇ ಹಿಡಿಯಲೆಂದು ಕೈ ಹಿಂದಕ್ಕೆ ತೆಗೆದ. ದಾರದ ಬೆನ್ನಿಗೆ ಪೈಪು, ಪೈಪಿನೊಳಗೆ ಕೇಬಲ್ಲು, ಎಲ್ಲ ಆಗುವವರೆಗೂ ನನ್ನ ಕೈಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಕೇಳಿದ:

"ಪೈಪಿನ ಕೆಲ್ಸ ಎಲ್ಲಿ ಕಲ್ತೆ?"

"ಇಲ್ಲಿಂದ ಎಲ್ಲ ಕಾಣುತ್ತೆ."

"ಹ್ಞೂಂ. ಅಲ್ಲಿಂದಾನೂ ಕಾಣುತ್ತೆ." ಸ್ವಲ್ಪ ಹೊತ್ತು ನನ್ನ ಲೈಟಿನ ಬೋರ್ಡು ನೋಡಿದ. "ನಿನ್ನ ಕಂಡ್ರೆ ನಂಗೆ ಯಾವಾಗ್ಲೂ ಹೊಟ್ಟೆ ಉರೀತಿತ್ತು ಕಣೋ."

ನಾನು ಸ್ಪ್ಯಾನರ್ ಕೆಳಗಿಟ್ಟೆ. "ನನ್ ಕಂಡ್ರಾ? ಯಾಕೆ?"

"ನಿನ್ ಕೈಲಿ ಆಗ್ದೇ ಇದ್ರೆ ಎದುರುಗಡೆ ನಾನಿದ್ದೆ. ನೀನು ಕಳಿಸ್ದೇ ಇದ್ರೂ ನನ್ ಹತ್ರ ಬರ್ತಿತ್ತು. ನನ್ ಕೈಲಿ ಆಗ್ದೇ ಇದ್ರೆ ಯಾರಿದ್ರು ಹೇಳು? ಎಷ್ಟು ಸಲ ಕಿವಿ ಇಟ್ಟು ಏನೂ ಕೇಳಿಸ್ದೇ, ಬೆಂಚಲ್ಲಿ ಅಷ್ಟೂ ಜನ ಬಾಯಿ ಮುಚ್ಕೊಂಡು ಕೂತಿರುವಾಗ, ಬೆವರು ಬಿಟ್ಟಿದ್ದೀನಿ ಗೊತ್ತಾ? ಆಗೆಲ್ಲ ಈ ಕಡೆ ನೋಡ್ತಿದ್ದೆ. ನೀನು ಬೆಕ್ಕಿನ ಮೈ ಸವರ್ತಾ ಕೂತಿರ್ತಿದ್ದೆ. ಪುಣ್ಯವಂತ ಅನ್ಕೊಳ್ತಿದ್ದೆ."

ಎದ್ದು, ಶರ್ಟು ಕೊಡವಿಕೊಂಡು, ಸೈಕಲ್ ತಳ್ಳಿಕೊಂಡು ಹೋದ. ಆ ಕೇಬಲ್ಲಿನ ತುದಿಗೆ ಕೆಂಪು ಚುಕ್ಕೆ ಇರಲಿಲ್ಲ; ಅದು ನನ್ನ ಅಂಗಡಿಯ ಕೆಲಸ.

ನಾನು ಇಷ್ಟು ವರ್ಷ ಬಯಸಿದ್ದು ಸಿಕ್ಕಿತ್ತು. ಅವನೇ ಬಾಯಿಬಿಟ್ಟು ಹೇಳಿದ್ದ. ಆದರೆ ಅವನು ಹೊಟ್ಟೆ ಉರಿದುಕೊಂಡದ್ದು ನನ್ನ ಕೈಕೆಲಸಕ್ಕಲ್ಲ, ಬೋರ್ಡಿಗಲ್ಲ, ನಾನು ಬಲ್ಲ ಯಾವುದಕ್ಕೂ ಅಲ್ಲ; ನನಗೆ ಬಾರದ್ದಕ್ಕೆ! ಅದರಲ್ಲೂ ಅವನೇ ಗೆದ್ದ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ "ಯಾಕೆ ಮುಖ ಊದಿಸ್ಕೊಂಡಿದ್ದೀರಿ, ಅವ್ರೇ ನಿಮ್ ಹತ್ರ ಬಂದಿದ್ರಂತಲ್ಲ" ಅಂದಳು. ಅದಕ್ಕೇ ಊದಿದ್ದು ಎಂದು ಹೇಳಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಬೀಳ್ಕೊಡುಗೆಯಲ್ಲಿ ಅವನ ಕಿವಿಯ ವಿಷಯ ಯಾರೂ ಎತ್ತಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ವಯಸ್ಸಾಯಿತು, ಪಾಲಿಬೆಟ್ಟದಲ್ಲಿರುವ ತಂಗಿಯ ಮನೆಗೆ ಹೋಗುತ್ತಾನೆ ಅಂತಷ್ಟೇ ಊರಿಗೆ ತಿಳಿದದ್ದು. ಹೊಗಳಿ ಮಾತಾಡುತ್ತಿದ್ದವರ ಕಡೆ ಅವನು ಬಲಗಿವಿ ತಿರುಗಿಸಿ, ಅರ್ಧಂಬರ್ಧ ಕೇಳಿಸಿಕೊಂಡು, ಸರಿಯಾದ ಜಾಗದಲ್ಲೆಲ್ಲ ನಗುತ್ತಿದ್ದ. ನಾನು ನನ್ನ ಎರಡು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅಷ್ಟು ಮಾಡಿದೆ.

ಈಗ ಸೈಕಲ್ಲುಗಳೆಲ್ಲ ನನ್ನ ಹತ್ತಿರವೇ ಬರುತ್ತವೆ. ಪಾಲಿಬೆಟ್ಟದ ಜೀಪೂ ಬರುತ್ತದೆ. ಕಾಯುವವರು ಇನ್ನೂ ಅವನ ಬೆಂಚಿನ ಮೇಲೇ ಕೂರುತ್ತಾರೆ. ಮುಚ್ಚಿದ ಅಂಗಡಿಯ ಮುಂದೆ! ರೈಟರು ಅಲ್ಲೇ ಪೇಪರು ಓದುತ್ತಾರೆ.

ಮೊನ್ನೆ ಮಡಿಕೇರಿಗೆ ಹತ್ತುತ್ತಿದ್ದ ಸವಾರನೊಬ್ಬ ಗೇರಿನ ಕೇಬಲ್ ತುಂಡಾಗಿ ನಿಂತ. ಫ್ರೇಮಿನ ಒಳಗೇ ತುಂಡಾಗಿತ್ತು. ಸೂಜಿ ಬಿಟ್ಟೆ, ಮ್ಯಾಗ್ನೆಟ್ ಜಾರಿಸಿದೆ, ಕಿವಿ ಒತ್ತಿದೆ. ಏನೂ ಇಲ್ಲ. ವಾಲಿಸಿದೆ, ಮತ್ತೆ ಒತ್ತಿದೆ. ಏನೂ ಇಲ್ಲ. ಕುತ್ತಿಗೆಯಿಂದ ಬೆವರು ಇಳಿಯತೊಡಗಿತು. ಹುಡುಗ ಗಡಿಯಾರ ನೋಡಿಕೊಂಡ.

"ಕಷ್ಟ ಆದ್ರೆ ಬಿಡಿ ಅಂಕಲ್. ಇಲ್ಲಿ ಬೇರೆ ಯಾರಾದ್ರೂ ಇದಾರಾ?"

ನನ್ನ ಕೈ ತಾನಾಗಿಯೇ ಎದ್ದು, ಬೆರಳು ಎದುರುಗಡೆಗೆ ತೋರಿಸಿತು. ಹುಡುಗ ತಿರುಗಿ ನೋಡಿದ.

"ಅದು ಮುಚ್ಚಿದೆಯಲ್ಲ?"

"ಹೌದು," ಅಂದೆ. "ಮುಚ್ಚಿದೆ."

ಕೈ ಇಳಿಸಿ, ಫ್ರೇಮಿಗೆ ಮತ್ತೆ ಕಿವಿ ಇಟ್ಟೆ.